ಸಹಾಯ ಬೇಕು: ಪಾರ್ಲರ್ ಹುಡುಗೀನ ಕೆಲಸ ಬಿಡಿಸ್ಬೇಕು, ಹೇಗೆ ಹೇಳ್ಲಿ?

ದಾವಣಗೆರೆಲಿ ನಂದೊಂದು ಸಣ್ಣ ಬ್ಯೂಟಿ ಪಾರ್ಲರ್, ಎರಡೇ ಚೇರು. ಕೆಲಸದ ಹುಡುಗಿ ಸೇರಿ 14 ತಿಂಗಳಾಯ್ತು, ಎಷ್ಟು ಸಲ ಹೇಳ್ಕೊಟ್ರೂ ಐಬ್ರೋ ಒಂದು ದಪ್ಪ ಒಂದು ತೆಳು ಮಾಡ್ತಾಳೆ, ಮೊನ್ನೆ ಮದುವೆ ಹೆಣ್ಣಿಗೆ ವ್ಯಾಕ್ಸ್ ಬಿಸಿ ನೋಡ್ದೆ ಹಚ್ಚಿ ಮುಂಗೈ ಕೆಂಪಗಾಗಿ ಅವರಮ್ಮನ ಹತ್ರ ನಾನೇ ಕ್ಷಮೆ ಕೇಳಿ ದುಡ್ಡು ವಾಪಸ್ ಕೊಟ್ಟೆ. ಹಳೇ ಕಸ್ಟಮರ್ಸು ಈಗ 'ಅಕ್ಕಾ ನೀವೇ ಇರ್ತೀರಲ್ವಾ' ಅಂತ ಫೋನ್ ಮಾಡಿ ಕೇಳ್ಕೊಂಡೇ ಬರ್ತಾರೆ. ಹುಡುಗಿ ಒಳ್ಳೇವ್ಳು, ಮನೇಲಿ ದುಡಿಯೋಳು ಅವ್ಳೊಬ್ಳೇ, ಅದಕ್ಕೇ ನಂಗೆ ನಿದ್ದೆ ಬರ್ತಿಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಲಿ 6 ತಿಂಗಳು ದಾಟಿದವ್ರನ್ನ ಬಿಡಿಸೋಕೆ ಸರಿಯಾದ ಕಾರಣ ಇರ್ಬೇಕು, ಒಂದು ತಿಂಗಳ ನೋಟಿಸ್ ಇಲ್ಲಾ ಸಂಬಳ ಕೊಡ್ಬೇಕು ಅಂತಿದೆ, ಸಂಬಳ ಕೊಡೋಕೆ ರೆಡಿ ಇದೀನಿ. ನೋಟಿಸಲ್ಲಿ ಕಾರಣ ಹೇಗೆ ಬರೀಬೇಕು? ಅವ್ಳಿಗೆ ಬೇಜಾರಾಗದ ಹಾಗೆ ಎದುರಿಗೆ ಹೇಗೆ ಹೇಳೋದು? ಪಾರ್ಲರ್ ನಡೆಸೋರು ಯಾರಾದ್ರೂ ಹೇಳಿ ಪ್ಲೀಸ್.