'ಬೆಂಗಳೂರು ಚಲೋ': ಇದು ಯಾವ ಚಲೋ?

ಪದಾಸಕ್ತರೆಲ್ಲರಿಗೂ ಕೊಪ್ಪಳದಿಂದ ನಮಸ್ಕಾರ.

ನಾನು ಕೇಳಬೇಕೆಂದಿರುವುದು ಘೋಷಣೆಗಳ ಬಾಲದಲ್ಲಿ ಬರುವ 'ಚಲೋ' ಬಗ್ಗೆ. 'ಬೆಂಗಳೂರು ಚಲೋ', 'ವಿಧಾನಸೌಧ ಚಲೋ', ಕಾಲುವೆಯ ಕೊನೆ ಭಾಗಕ್ಕೆ ನೀರು ಬಾರದಿದ್ದಾಗ, ತುಂಗಭದ್ರಾ ಅಣೆಕಟ್ಟಿನ ಬಳಿಯ ಊರಾದ ಮುನಿರಾಬಾದಿಗೆ 'ಮುನಿರಾಬಾದ್ ಚಲೋ'. ಇದು ಹಿಂದಿ, ಉರ್ದುಗಳ 'ನಡೆಯಿರಿ' ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ತೊಡಕು ಇರುವುದು ನಮ್ಮ ಸೀಮೆಯವರಿಗೆ. ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಚಲೋ ಎಂದರೆ ಮೊದಲು ನೆನಪಾಗುವುದು 'ಒಳ್ಳೆಯದು'. ಚಲೋ ಊಟ, ಚಲೋ ಮಳೆ, ಚಲೋ ಮನುಷ್ಯ. ಹಾಗಾಗಿ ಗೋಡೆಯ ಮೇಲೆ 'ಬಳ್ಳಾರಿ ಚಲೋ' ಎಂದು ಬರೆದರೆ ಅದು ಹೋರಾಟದ ಕರೆಯೂ ಹೌದು, ಊರಿಗೆ ಕೊಟ್ಟ ಪ್ರಶಸ್ತಿಪತ್ರವೂ ಹೌದು. 2010ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಕಾಂಗ್ರೆಸ್ಸಿನವರು ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಬಂದಾಗ ಈ ಎರಡು ಪದಗಳು ಎಲ್ಲರ ಬಾಯಲ್ಲಿದ್ದವು. ಗಿಡಮರಗಳ ಮೇಲೆಲ್ಲ ಅದಿರಿನ ಕೆಂಪು ದೂಳು ಕೂತಿದ್ದ ಆ ಕಾಲದಲ್ಲಿ ಎರಡನೆಯ ಅರ್ಥಕ್ಕೆ ವ್ಯಂಗ್ಯವೂ ಸೇರಿಕೊಂಡಿತ್ತು.

ಪದಗಳನ್ನು ಹಿಂದುಮುಂದು ಮಾಡಿದರೆ ಗೊಂದಲ ತಪ್ಪೀತೇ? ಇಲ್ಲ. ಹಿಂದಿಯಲ್ಲಿ 'ದಿಲ್ಲಿ ಚಲೋ' ಮತ್ತು 'ಚಲೋ ದಿಲ್ಲಿ' ಎರಡೂ ಒಂದೇ. ನಮ್ಮಲ್ಲಿ 'ಚಲೋ ಬಳ್ಳಾರಿ' ಎಂದರೆ ಅದು ಇನ್ನೂ ಅಚ್ಚುಕಟ್ಟಾಗಿ 'ಒಳ್ಳೆಯ ಬಳ್ಳಾರಿ' ಆಗಿಬಿಡುತ್ತದೆ.

ನಮ್ಮ ಚಲೋ 'ಚೆಲುವು' ಕಡೆಯಿಂದ ಬಂದದ್ದು, ಅವರದು 'ಚಲಿಸು' ಕಡೆಯದು ಎಂದು ನನ್ನ ಅನಿಸಿಕೆ. ಬಲ್ಲವರು ತಿದ್ದಬಹುದು.

ಕನ್ನಡ ನಾಡಿನಲ್ಲಿ ಈ ಘೋಷಣೆ ದೊಡ್ಡದಾಗಿ ಮೊಳಗಿದ್ದು 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ' ಚಳವಳಿಯಲ್ಲಿ. ನೇತಾಜಿಯವರ 'ದಿಲ್ಲಿ ಚಲೋ' ಕರೆ ಅದಕ್ಕಿಂತ ನಾಲ್ಕು ವರ್ಷ ಹಿಂದಿನದು. ಆಗ ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದವು. ಬಳ್ಳಾರಿ ಮದರಾಸಿಗೆ ಸೇರಿತ್ತು. ಮೈಸೂರಿನವರು ಒಳ್ಳೆಯದನ್ನು 'ಚೆನ್ನಾಗಿದೆ' ಎನ್ನುವವರು. ಅವರ ಬಾಯಲ್ಲಿ ಚಲೋ ಎಂಬ ಜಾಗ ಖಾಲಿಯಿತ್ತು, ಹೊಸ ಪದ ಸಲೀಸಾಗಿ ಬಂದು ಕೂತಿತು. ನಮ್ಮಲ್ಲಿ ಆ ಜಾಗದಲ್ಲಿ ಮೊದಲೇ ಒಬ್ಬರು ಕೂತಿದ್ದರು. ಆದರೂ ಉರ್ದುವಿನ ಬಳಕೆ ನಮಗೆ ಹಳೆಯದಾದ್ದರಿಂದ ಕಿವಿ ಎರಡನ್ನೂ ಬೇರ್ಪಡಿಸಿಕೊಳ್ಳುತ್ತದೆ. ಕಷ್ಟವಿರುವುದು ಓದುವ ಕಣ್ಣಿಗೆ.

'ಬೆಂಗಳೂರಿಗೆ ನಡೆಯಿರಿ' ಎಂದೇಕೆ ಕೂಗುವುದಿಲ್ಲ ಎಂದು ಒಬ್ಬ ಮೇಷ್ಟ್ರು ಕೇಳಿದ್ದರು. ಕೂಗಿ ನೋಡಿ, ತಿಳಿಯುತ್ತದೆ. ಆ 'ಗೆ' ಬಂದ ಕೂಡಲೇ ಘೋಷಣೆ ಸಾದಾ ವಾಕ್ಯವಾಗಿಬಿಡುತ್ತದೆ. 'ಬೇಕೇ ಬೇಕು, ನ್ಯಾಯ ಬೇಕು', 'ಏನೇ ಬರಲಿ, ಒಗ್ಗಟ್ಟಿರಲಿ' ಇವುಗಳ ಬಿಗಿ ಅದಕ್ಕಿಲ್ಲ. ಕನ್ನಡಕ್ಕೆ ಘೋಷಣೆ ಕಟ್ಟುವ ಶಕ್ತಿಯಿಲ್ಲ ಎನ್ನುವವರಿಗೆ ಈ ಎರಡೇ ಸಾಕಾದ ಉತ್ತರ.

ಈಗ ನನ್ನ ನಿಜವಾದ ಪ್ರಶ್ನೆ. ಚಲೋ ಎಂಬ ಕ್ರಿಯಾಪದ ಕನ್ನಡದಲ್ಲಿ ಪೂರ್ತಿ ನಾಮಪದವಾಗಿದೆ. 'ಸೋಮವಾರ ಬೆಂಗಳೂರು ಚಲೋ ಇದೆ', 'ಚಲೋಗೆ ಹೋಗಿದ್ದಾರೆ', 'ಚಲೋ ಹಮ್ಮಿಕೊಂಡಿದ್ದಾರೆ'. ಅರ್ಥವೂ ಬದಲಾಗಿದೆ: ನಡೆಯುವುದು ಕಡ್ಡಾಯವಲ್ಲ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಮಲಗಿ, ಬೆಳಿಗ್ಗೆ ಫ್ರೀಡಂ ಪಾರ್ಕಿನಲ್ಲಿ ಕೂತರೂ ಅದು ಚಲೋ. ಹಿಂತಿರುಗಿದವರನ್ನು 'ಚಲೋ ಹೇಗಾಯಿತು?' ಎಂದರೆ 'ಚಲೋ ಆಯಿತು' ಎನ್ನುತ್ತಾರೆ. ಕಾರ್ಯಕ್ರಮ ಮುಗಿಯಿತೋ, ಚೆನ್ನಾಗಿ ನಡೆಯಿತೋ, ಕೇಳಿದವರ ಪುಣ್ಯ. (ಇದೇ ಜಾತಿಯದು 'ಧರಣಿ'. ಹಿಂದಿಯ ಧರನಾ ಇಲ್ಲಿಗೆ ಬಂದು ನಮ್ಮ ಭೂಮಿಯ ಹೆಸರಿನೊಂದಿಗೆ ಬೆರೆತುಹೋಯಿತು. ನೆಲದ ಮೇಲೆ ಕೂರುವವರಿಗೆ ಒಪ್ಪುವ ಪದವೇ.)

ನಾಮಪದವಾದ ಮೇಲೆ ವಿಭಕ್ತಿ ಹಚ್ಚಬೇಕಲ್ಲ. 'ಚಲೋದಲ್ಲಿ ಭಾಗವಹಿಸಿದ ಕಾರ್ಯಕರ್ತೆಯರು' ಸರಿಯೇ, 'ಚಲೋನಲ್ಲಿ' ಸರಿಯೇ, 'ಚಲೋವಿನಲ್ಲಿ' ಎಂದು ಬರೆಯಬೇಕೇ? ರೇಡಿಯೊದಲ್ಲಿ, ಆಟೋದಲ್ಲಿ ಎನ್ನುವುದನ್ನು ಒಪ್ಪಿರುವುದರಿಂದ ನಾನು ಮೊದಲನೆಯದರ ಪರ. ಪತ್ರಿಕೆಗಳು 'ಚಲೋ ಚಳವಳಿಯಲ್ಲಿ', 'ಚಲೋ ಕಾರ್ಯಕ್ರಮದಲ್ಲಿ' ಎಂದು ಇನ್ನೊಂದು ಪದವನ್ನು ಅಡ್ಡ ಇಟ್ಟು ಜಾರಿಕೊಳ್ಳುತ್ತವೆ. ಕರಪತ್ರದಲ್ಲಿ ಅಷ್ಟು ಜಾಗ ಇರುವುದಿಲ್ಲ. ಬಹುವಚನ 'ಚಲೋಗಳು' ಯಾರಾದರೂ ಅಚ್ಚಿನಲ್ಲಿ ಕಂಡಿದ್ದೀರಾ? ಧಾರವಾಡ, ಬೆಳಗಾವಿಯ ಕಡೆಯವರೂ 'ಒಳ್ಳೆಯ' ಚಲೋ ಬಳಸುವವರೇ. ಅಲ್ಲಿ ಇದನ್ನು ಹೇಗೆ ಬರೆಯುತ್ತಾರೆ, ತಿಳಿಸಿ.