ರವೆಯ ಜಲ್ಲಿ, ಊದುಬತ್ತಿಯ ಅಡಿಕೆ ತೋಟ

"ಸಕಲೇಶಪುರದ ಘಾಟಿ ಇಡೀ ಈ ಪ್ಲೈವುಡ್ ಮೇಲೆ ಕೂರುತ್ತೆ ಬಿಡಿ" ಅಂದ ಗಿರಿ. ಮಾದರಿ ರೈಲು ಓಡಿಸೋಕೆ ತಂದ ಎಂಟಡಿಗೆ ನಾಲ್ಕಡಿ ಹಲಗೆ. ಕೆಳಗೆ ನಾಲ್ಕು ಕಾಲು, ಮೇಲೆ ನಾಲ್ಕು ತಲೆ.

ಶಾಮಣ್ಣ ಕಾಫಿ ಲೋಟ ಕೆಳಗಿಟ್ಟರು. "ಕೂರಿಸೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರ್. ನಮ್ಮ ಮಾದರಿ ಎಚ್‌ಓ ಅಳತೇದು, ಅಂದ್ರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಮಂಜ, ಭಾಗಿಸೋ."

"632 ಮೀಟರ್."

"ಹಲಗೆ ಎರಡೂವರೆ ಮೀಟರೂ ಇಲ್ಲ. ಉಳಿದದ್ದನ್ನ ಪಕ್ಕದ ಮನೆಯವರ ಹಾಲ್‌ನಲ್ಲಿ ಹಾಯಿಸಿ, ಮೇನ್ ರೋಡ್ ದಾಟಿಸಿ, ಹಾಲಿನ ಬೂತ್ ಹತ್ತಿರ ಒಂದು ಸ್ಟೇಷನ್ ಕಟ್ಟು. ಆ ದಾರಿಯ 57 ಸುರಂಗಕ್ಕೆ ಆಗ ಜಾಗ ಸಿಗುತ್ತೆ."

"ಸರಿ ಶಾಮಣ್ಣ, ಒಂದು ಸುರಂಗ, ಒಂದು ಸೇತುವೆ, ಒಂದು ಏರು. ಸಾಕಲ್ಲ?"

"ಏರು ಬೇಡ" ಅಂದಳು ಪದ್ದಿ, ಟೇಪು ಬಿಚ್ಚುತ್ತ.

"ಏರಿಲ್ಲದ ಘಾಟಿ ಎಲ್ಲಾದ್ರೂ ಉಂಟೇನೇ?"

"ಲೆಕ್ಕ ಕೇಳು. ನಿಜವಾದ ಘಾಟಿ ಏರೋದು 50ಕ್ಕೆ 1, ಅಂದ್ರೆ 50 ಮೀಟರ್ ಹೋದರೆ 1 ಮೀಟರ್ ಎತ್ತರ. ಅಷ್ಟಕ್ಕೇ ಅಲ್ಲಿ ಗೂಡ್ಸಿಗೆ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಎಂಜಿನ್ ಬೇಕು. ಇಲ್ಲಿ ಒಂದು ಹಳಿ ಇನ್ನೊಂದರ ಮೇಲೆ ದಾಟಬೇಕಾದ್ರೆ ಏಳೂವರೆ ಸೆಂಟಿಮೀಟರ್ ಎತ್ತರ ಏರಬೇಕು. ಅದೇ 50ಕ್ಕೆ 1 ಹಿಡಿದರೆ ಹತ್ತೋಕೆ ಮೂರೂಮುಕ್ಕಾಲು ಮೀಟರ್, ಇಳಿಯೋಕೆ ಮೂರೂಮುಕ್ಕಾಲು. ಈ ಹಲಗೆ ಮೇಲೆ 22 ಇಂಚು ತ್ರಿಜ್ಯದ ತಿರುವು ಹಾಕಿ ಒಂದು ಸುತ್ತು ಬಂದರೆ ಸಿಗೋದು ಆರು ಮೀಟರಿಗಿಂತ ಸ್ವಲ್ಪ ಕಮ್ಮಿ. ಏಳೂವರೆ ಮೀಟರ್ ಏರಿಳಿತ ಆರು ಮೀಟರಲ್ಲಿ ಎಲ್ಲಿ ಕೂರಿಸ್ತೀಯ?"

"ಸ್ವಲ್ಪ ಕಡಿದಾಗಿ ಹತ್ತಿಸಿದ್ರಾಯ್ತು."

"25ಕ್ಕೆ 1 ಮಾಡು. ಎಂಜಿನ್ನು ಅರ್ಧದಲ್ಲಿ ನಿಂತು ಚಕ್ರ ಮಾತ್ರ ತಿರುಗಿಸ್ತಾ ಇರುತ್ತೆ, ಜಾರುಬಂಡೆ ಹತ್ತೋ ಮಗು ಥರ."

ಗಿರಿಯ ಮುಖ ಬಾಡಿತು. ಪದ್ದಿಗೆ ಕರುಣೆ ಬಂತು. "ಹಳಿ ಮಟ್ಟಸವಾಗೇ ಇರಲಿ ಕಣೋ, ನೆಲ ಕೆಳಗಿಳಿಸು. ಹಲಗೆ ಮೇಲೆ ಎರಡಿಂಚಿನ ಥರ್ಮಾಕೋಲ್ ಎರಡು ಹಾಳೆ ಹಾಸಿ, ಅದರ ಮೇಲೆ ಹಳಿ. ಆಮೇಲೆ ಹಳಿಯ ಈ ಕಡೆ ಥರ್ಮಾಕೋಲ್ ಕೊರೆದು ಕಣಿವೆ ತೆಗಿ, ಆ ಕಡೆ ಗುಡ್ಡ ಏರಿಸು. ರೈಲು ಇದ್ದಲ್ಲೇ ಇರುತ್ತೆ, ನೋಡೋರಿಗೆ ಘಾಟಿ ಹತ್ತಿದ ಹಾಗೆ ಕಾಣುತ್ತೆ."

"ಕಣ್ಣಿಗೆ ಮಣ್ಣೆರಚೋದು ಅಂದ್ರೆ ಇದೇ ನೋಡಿ" ಅಂದ ಮಂಜ.

"ಮಣ್ಣಿನ ವಿಷಯಕ್ಕೆ ಆಮೇಲೆ ಬರೋಣ" ಅಂದರು ಶಾಮಣ್ಣ. "ಮೊದಲು ಎಂಜಿನ್ನು."

ಶಾಮಣ್ಣನ ಶಾಸ್ತ್ರ ಇಷ್ಟೇ: ರೈಲು ಸರಿಯಾಗಿ ಓಡೋ ತನಕ ಒಂದು ಹುಲ್ಲುಕಡ್ಡಿಯನ್ನೂ ನೆಡಕೂಡದು. ಜಲ್ಲಿ ಅಂಟಿಸಿದ ಮೇಲೆ ಹಳಿಯ ಜಾಯಿಂಟ್ ಸಡಿಲ ಅಂತ ಗೊತ್ತಾದರೆ, ಮದುವೆ ಊಟ ಮುಗಿದ ಮೇಲೆ ಜಾತಕ ನೋಡಿದ ಹಾಗೆ.

"ಹೊಸ ಎಂಜಿನ್ ತಂದ ಕೂಡಲೆ ಬೋಗಿ ಕಟ್ಟಬಾರದು. ಬರೀ ಎಂಜಿನ್ನು, ಮಧ್ಯಮ ವೇಗ, ಮುಂದಕ್ಕೆ ಅರ್ಧ ಗಂಟೆ, ಹಿಂದಕ್ಕೆ ಅರ್ಧ ಗಂಟೆ. ಆಮೇಲೆ ಎತ್ತಿ ತಿರುಗಿಸಿಟ್ಟು ಇನ್ನೊಂದು ಸರ್ತಿ. ಪ್ರದಕ್ಷಿಣೆ, ಅಪ್ರದಕ್ಷಿಣೆ ಎರಡೂ ಆಗಬೇಕು. ಗೇರು, ಬ್ರಷ್ಷು ಎರಡೂ ಹದಕ್ಕೆ ಬರೋದು ಹಾಗೇನೆ."

"ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿದ್ರೆ?" ಅಂದ ಗಿರಿ.

ಮೂವರೂ ಒಟ್ಟಿಗೆ ತಲೆ ಮೇಲೆ ಕೈ ಇಟ್ಟರು.

"ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ ಮಾರಾಯ" ಅಂದ ಮಂಜ. "ಡಿಸೆಂಬರಲ್ಲಿ ಬೆಂಗಳೂರಿನ ಬಾಟಲಿ ನೋಡಿಲ್ವಾ? ಗೇರ್ ಡಬ್ಬಿಯೊಳಗೆ ಬೆಣ್ಣೆ ಕೂತ ಹಾಗೆ. ಗಟ್ಟಿಯಾಗದಿದ್ದರೂ ಧೂಳು ಹಿಡಿದು ಅಂಟಾಗುತ್ತೆ. ಪ್ಲಾಸ್ಟಿಕ್ಕಿಗೆ ಒಗ್ಗೋ ತೆಳು ಎಣ್ಣೆ ಬೇಕು. ಅದೂ ಸೂಜಿಮೊನೆಯಲ್ಲಿ ಒಂದು ಹನಿ, ಮೋಟಾರಿನ ಎರಡು ತುದಿಗೆ ಮಾತ್ರ. ಎರಡನೇ ಹನಿ ಚಕ್ರಕ್ಕೆ ಇಳಿಯುತ್ತೆ, ಚಕ್ರದಿಂದ ಹಳಿಗೆ ಇಳಿಯುತ್ತೆ. ಆಮೇಲೆ ಹಳಿಪೂರ್ತಿ ಎಣ್ಣೆಸ್ನಾನ."

ಎಂಜಿನ್ನಿನ ಪರೀಕ್ಷೆ ಅಂದರೆ ಎಷ್ಟು ಜೋರಾಗಿ ಓಡುತ್ತೆ ಅನ್ನೋದಲ್ಲ, ಎಷ್ಟು ನಿಧಾನವಾಗಿ ನಡೆಯುತ್ತೆ ಅನ್ನೋದು. ಪದ್ದಿ ಹಳಿ ಪಕ್ಕ ಒಂದು ಮೀಟರ್ ಅಳೆದು ಎರಡು ಕಡೆ ಚಾಕ್‌ಪೀಸಿನ ಗೆರೆ ಎಳೆದಳು. "ನಿಜವಾದ 30 ಕಿಲೋಮೀಟರ್ ವೇಗಕ್ಕೆ ಇಲ್ಲಿ ಒಂದು ಮೀಟರ್ ದಾಟೋಕೆ ಹತ್ತೂವರೆ ಸೆಕೆಂಡ್ ಆಗಬೇಕು. ಬಿಡು ನೋಡೋಣ."

ಗಿರಿ ಗುಂಡಿ ಪೂರ್ತಿ ತಿರುಗಿಸಿದ. ಎರಡೇ ಸೆಕೆಂಡ್.

"157 ಕಿಲೋಮೀಟರ್" ಅಂದ ಮಂಜ. "ಗೂಡ್ಸ್ ಎಂಜಿನ್ನಿಗೆ ವಂದೇ ಭಾರತ್ ಮೈಮೇಲೆ ಬಂತು."

"ತಗ್ಗಿಸು, ಇನ್ನೂ ತಗ್ಗಿಸು. ಹಳಿ ಕೆಳಗಿನ ಅಡ್ಡಪಟ್ಟಿ ಇದೆಯಲ್ಲ, ಸ್ಲೀಪರು, ಆ ಸ್ಲೀಪರಿಂದ ಸ್ಲೀಪರಿಗೆ ಆಮೆ ನಡಿಗೆ ಬರಬೇಕು. ಅಷ್ಟರಲ್ಲಿ ನಿಂತರೆ ಎಲ್ಲಿ ನಿಂತಿತು ಅಂತ ನೋಡು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ನಿಂತರೆ ತಪ್ಪು ಹಳಿದು. ಮನಸ್ಸು ಬಂದಲ್ಲೆಲ್ಲ ನಿಂತರೆ ಎಂಜಿನ್ನಿನ ಚಕ್ರ ಕೊಳೆ. ನಿಂತಾಗ ಹೆಡ್‌ಲೈಟೂ ಆರಿದರೆ ಕರೆಂಟು ಹತ್ತುತ್ತಿಲ್ಲ. ಲೈಟು ಉರೀತಾ ಇದ್ದು ಎಂಜಿನ್ ಮಾತ್ರ ಅಲ್ಲಾಡದಿದ್ದರೆ ರೋಗ ಮೋಟಾರಲ್ಲಿ ಅಥವಾ ಗೇರಲ್ಲಿ."

"ಚಕ್ರ ಕೊಳೆಯಾದ್ರೆ ಎಮ್ರಿ ಪೇಪರ್ ಹಾಕಿ ಉಜ್ಜೋದಾ?"

"ಉಜ್ಜಿದ ಗೀರಿನಲ್ಲಿ ಇನ್ನೂ ಬೇಗ ಕೊಳೆ ಕೂರುತ್ತೆ. ಟಿಶ್ಯೂ ಪೇಪರ್ ತಗೊ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒದ್ದೆ ಮಾಡು, ಹಳಿ ಮೇಲೆ ಹಾಸು. ಮುಂದಿನ ಚಕ್ರಗಳು ಟಿಶ್ಯೂ ಮೇಲೆ, ಹಿಂದಿನವು ಬರೀ ಹಳಿ ಮೇಲೆ. ಎಂಜಿನ್ನನ್ನ ಕೈಯಲ್ಲಿ ಹಿಡಿದು ಕರೆಂಟ್ ಕೊಟ್ಟರೆ ಮುಂದಿನ ಚಕ್ರಗಳು ತಿರುಗಿ ತಿರುಗಿ ಕಪ್ಪು ಗೆರೆ ಬಿಡುತ್ತವೆ. ಆಮೇಲೆ ಹಿಂದುಮುಂದು ಮಾಡು. ಕೈಗೆ ಹಾಕೋ ಸ್ಯಾನಿಟೈಸರ್ ಮಾತ್ರ ತರಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತೆ. ಎಂಜಿನ್ ಕೈ ಮುಗಿದು ನಿಂತುಬಿಡುತ್ತೆ."

ಹಳಿಗೆ ವೈರು ಒಂದೇ ಕಡೆ ಕೊಟ್ಟಿದ್ದ ಗಿರಿ. ಅದಕ್ಕೂ ಬೈಗುಳ ಬಿತ್ತು. ಹಳಿ ತುಂಡುಗಳನ್ನು ಜೋಡಿಸೋ ಜಾಯಿಂಟರ್ ತಗಡು ನಂಬಿ ಕೂತರೆ ಆರು ಮೀಟರ್ ಸುತ್ತಿನ ಆ ತುದಿಗೆ ಎಂಜಿನ್ ಸೋಮಾರಿಯಾಗುತ್ತೆ. ಮೀಟರಿಗೊಂದರಂತೆ ಎರಡೂ ಹಳಿಗೆ ಸಣ್ಣ ವೈರು ಬೆಸುಗೆ ಹಾಕಿ, ಹಲಗೆ ಕೆಳಗೆ ದಪ್ಪ ವೈರಿಗೆ ಸೇರಿಸಬೇಕು. ಡಿಸಿಸಿ, ಅಂದರೆ ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸಿ ಒಂದೊಂದು ಎಂಜಿನ್ನನ್ನೂ ಬೇರೆ ಬೇರೆಯಾಗಿ ಓಡಿಸೋ ವ್ಯವಸ್ಥೆ, ಹಾಕಿದವರು ರೂಪಾಯಿ ನಾಣ್ಯದ ಪರೀಕ್ಷೆ ಮಾಡುತ್ತಾರೆ. ಸುತ್ತಿನ ಅತಿ ದೂರದ ಜಾಗದಲ್ಲಿ ಎರಡೂ ಹಳಿ ಮುಟ್ಟುವಂತೆ ನಾಣ್ಯ ಇಟ್ಟರೆ ಹಳಿಗೆ ಕರೆಂಟ್ ಕೊಡೋ ಬೂಸ್ಟರ್ ಥಟ್ಟನೆ ಆಫ್ ಆಗಬೇಕು. ಆಗದಿದ್ದರೆ ವೈರು ಸಾಲದು, ನಾಳೆ ಅಲ್ಲಿ ಎಂಜಿನ್ ಹಳಿ ತಪ್ಪಿ ಶಾರ್ಟ್ ಆದಾಗ ಪ್ಲಾಸ್ಟಿಕ್ ಕರಗುತ್ತೆ.

"ಡಿಸಿಸಿ ಅಂದ್ರೆ ನೆನಪಾಯ್ತು" ಅಂದ ಗಿರಿ. "ಎರಡು ಎಂಜಿನ್ ಇಟ್ಟು ಒಂದನ್ನ ಓಡಿಸಿದ್ರೆ ಎರಡೂ ಓಡ್ತವಲ್ಲ, ದೆವ್ವವಾ?"

"ಎಂಜಿನ್ನಿನೊಳಗೆ ಆದೇಶ ಓದೋ ಡಿಕೋಡರ್ ಹೊಸದಾಗಿ ಬರೋವಾಗ ಎಲ್ಲಕ್ಕೂ ವಿಳಾಸ 3. ಒಂದೇ ಮನೆಯಲ್ಲಿ ಇಬ್ಬರಿಗೂ ಪುಟ್ಟ ಅಂತ ಹೆಸರಿಟ್ಟು ಕರೆದ ಹಾಗೆ. ಪ್ರೋಗ್ರಾಮಿಂಗ್ ಹಳಿ ಮೇಲೆ ಒಂದೊಂದನ್ನೇ ಇಟ್ಟು ನಂಬರ್ ಬದಲಾಯಿಸು."

ಬೋಗಿಗಳ ಸರದಿ ಬಂತು. ಎಲ್‌ಎಚ್‌ಬಿ ಅನ್ನೋ ಹೊಸ ಬಗೆಯ ಪ್ರಯಾಣಿಕರ ಬೋಗಿ ನಿಜದಲ್ಲಿ ಇಪ್ಪತ್ತಮೂರೂವರೆ ಮೀಟರ್, ಇಲ್ಲಿ 27 ಸೆಂಟಿಮೀಟರ್. ರೈಲು ಸೆಟ್ಟಿನ ಪೆಟ್ಟಿಗೆಯಲ್ಲಿ ಸಿಗೋ 18 ಇಂಚು ತ್ರಿಜ್ಯದ ತಿರುವಿನಲ್ಲಿ ಅದರ ನಡು ಎಂಟು ಮಿಲಿಮೀಟರ್ ಒಳಕ್ಕೆ ಬಾಗುತ್ತೆ, ತುದಿ ಹನ್ನೆರಡು ಮಿಲಿಮೀಟರ್ ಹೊರಕ್ಕೆ ಚಾಚುತ್ತೆ. ಪ್ಲಾಟ್‌ಫಾರಂ, ಸುರಂಗದ ಬಾಯಿ, ಕಂಬ, ಎಲ್ಲ ಇದಕ್ಕೆ ದಾರಿ ಬಿಡಬೇಕು.

"ಬೋಗಿಯ ನಡುವಿಗೊಂದು, ತುದಿಗೊಂದು ಪೆನ್ಸಿಲ್ ರಬ್ಬರ್ ಬ್ಯಾಂಡಲ್ಲಿ ಕಟ್ಟು" ಅಂದಳು ಪದ್ದಿ. "ಕೆಳಗೆ ಪೇಪರ್ ಹಾಸಿ ತಿರುವಿನಲ್ಲಿ ಕೈಯಿಂದ ತಳ್ಳು. ಬಿದ್ದ ಗೆರೆಯೊಳಗೆ ಏನೂ ಕಟ್ಟಬೇಡ."

"ಆಯ್ತಾಯ್ತು" ಅಂದ ಗಿರಿ, ಆಯ್ತು ಅನ್ನೋರ ಧಾಟಿಯಲ್ಲಲ್ಲ. "ತೂಕ?"

"ಮೊದಲಿಗೆ 28 ಗ್ರಾಂ, ಆಮೇಲೆ ಇಂಚಿಗೆ 14 ಗ್ರಾಂ. ಹತ್ತೂವರೆ ಇಂಚಿನ ಬೋಗಿಗೆ 175 ಗ್ರಾಂ. ಕಮ್ಮಿಯಿದ್ದರೆ ತಿರುವಿನಲ್ಲಿ ಒಳಕ್ಕೆ ಮಗುಚುತ್ತೆ. ವಾಷರ್ ಅಂಟಿಸು, ನೆಲದ ಮೇಲೇ ಅಂಟಿಸು. ಛಾವಣಿಗೆ ಅಂಟಿಸಿದರೆ ದೇವರ ತೇರು ಓಲಾಡಿದ ಹಾಗೆ ಓಲಾಡುತ್ತೆ."

ಅಂತೂ ಗುಡ್ಡಕ್ಕೆ ಅನುಮತಿ ಸಿಕ್ಕಿತು. ಗಿರಿ ತರಕಾರಿ ಚಾಕು ಹಿಡಿದು ಥರ್ಮಾಕೋಲಿಗೆ ಕೈ ಹಾಕಿದ.

"ಚಾಕು ಕೆಳಗಿಡೋ! ಆ ಬಿಳಿ ಕಾಳು ಮೈಗೆಲ್ಲ ಅಂಟುತ್ತೆ, ಹಾರಿ ಗೇರಿನೊಳಗೆ ಸೇರುತ್ತೆ. ನೈಕ್ರೋಮ್ ತಂತಿ ಕಾಯಿಸಿ ಕೊಯ್ಯಬೇಕು, ಕಿಟಕಿ ತೆಗೆದಿಟ್ಟು, ಆ ಹೊಗೆ ಒಳ್ಳೇದಲ್ಲ. ಎಂಜಿನ್ನುಗಳು ಬೇರೆ ರೂಮಿಗೆ ಹೋಗಲಿ."

"ಅಂಟಿಸೋಕೆ ಫೆವಿಬಾಂಡ್?"

"ಥರ್ಮಾಕೋಲು ಕಣ್ಣೆದುರೇ ಕರಗಿ ಹಳ್ಳ ಬೀಳುತ್ತೆ. ಸ್ಪ್ರೇ ಪೇಂಟೂ ಅಷ್ಟೇ. ಬಿಳಿ ಫೆವಿಕಾಲೇ ಸರಿ. ಆದರೆ ಎರಡು ಹಾಳೆ ನಡುವೆ ಪೂರ್ತಿ ಬಳಿದರೆ ಅಂಚು ಒಣಗುತ್ತೆ, ಒಳಗೆ ಗಾಳಿ ಹೋಗದೆ ದಿನಗಟ್ಟಲೆ ಹಸಿಯಾಗೇ ಇರುತ್ತೆ. ಅಲ್ಲಲ್ಲಿ ಹಚ್ಚು, ಟೂತ್‌ಪಿಕ್ ಚುಚ್ಚು, ಮೇಲೆ ಹಳೇ ಟೆಲಿಫೋನ್ ಡೈರೆಕ್ಟರಿ ಹೇರು. ಅದಕ್ಕೆ ಉಳಿದಿರೋ ಕೆಲಸ ಇದೊಂದೇ."

ಸುರಂಗದ ಹಿಂಬದಿ ತೆರೆದೇ ಇರಲಿ, ಕೈ ಹೋಗುವಷ್ಟು. ರೈಲು ಹಳಿ ತಪ್ಪುವುದು ಬಯಲಲ್ಲಿ ಅಲ್ಲ, ಸುರಂಗದ ಒಳಗೇ. ಗುಡ್ಡದ ಮೇಲೆ ಗಾಜ್ ಬಟ್ಟೆಯ ತುಂಡುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಹೊದಿಸುವುದು. ಎರಡು ಪಾಲು ಪುಡಿ, ಒಂದು ಪಾಲು ನೀರು. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿದರೆ ಮುದ್ದೆ ಗಂಟು. ಕಾಲು ಗಂಟೆಯಲ್ಲಿ ಬಿಗಿಯುತ್ತೆ, ಒಮ್ಮೆಗೆ ಒಂದು ಬಟ್ಟಲು ಸಾಕು. ಹಳಿಯ ಮೇಲೆ ಮೊದಲೇ ಪೇಪರ್ ಟೇಪ್ ಅಂಟಿಸಿರಬೇಕು ಅನ್ನೋದನ್ನು ಎರಡನೇ ಸಲ ಯಾರಿಗೂ ಹೇಳಬೇಕಾಗಿಲ್ಲ.

"ಜಲ್ಲಿಗೆ ನಾನು ವ್ಯವಸ್ಥೆ ಮಾಡಿದ್ದೀನಿ" ಅಂತ ಗಿರಿ ಡಬ್ಬ ತೆಗೆದ. ಉಪ್ಪಿಟ್ಟಿನ ರವೆ!

ಮಂಜ ಬೆರಳಲ್ಲಿ ಉಜ್ಜಿ ನೋಡಿದ. "ಅಳತೆ ಪರವಾಗಿಲ್ಲ ಶಾಮಣ್ಣ. ನಿಜವಾದ ಜಲ್ಲಿ 50 ಮಿಲಿಮೀಟರ್, 87ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ. ರವೆ ಸುಮಾರಾಗಿ ಕೂರುತ್ತೆ."

"ಜೊತೆಗೆ ಇರುವೆಯೂ ಕೂರುತ್ತೆ" ಅಂದರು ಶಾಮಣ್ಣ. "ಮಳೆಗಾಲ ಬಂದರೆ ಹುಳ. ಒಂದು ಬೆಳಗ್ಗೆ ನೋಡಿದರೆ ಹಳಿ ಮಾತ್ರ ಉಳಿದಿರುತ್ತೆ. ಎಂ-ಸ್ಯಾಂಡ್ ತಾ. ಅದೂ ಒಡೆದ ಕಲ್ಲೇ, ಬಣ್ಣವೂ ಸರಿ. ಟೀ ಸೋಸೋ ಜರಡಿಯಲ್ಲಿ ಸೋಸು, ಮೇಲೆ ಉಳಿದದ್ದು ಬಂಡೆ ಬುಡಕ್ಕೆ, ಕೆಳಗೆ ಬಿದ್ದದ್ದರಲ್ಲಿ ಧೂಳು ತೊಳೆದು ಒಣಗಿಸು. ಆಮೇಲೆ ಆಯಸ್ಕಾಂತ ಆಡಿಸು. ಕಬ್ಬಿಣದ ಚೂರು ಉಳಿದರೆ ಎಂಜಿನ್ನಿನ ಮೋಟಾರೇ ಅದನ್ನ ಹೆಕ್ಕಿಕೊಳ್ಳುತ್ತೆ."

ಅಂಟಿಸುವ ಕ್ರಮ ಪದ್ದಿಯದು. ಒಣ ಜಲ್ಲಿ ಹರಡಿ, ಮೆತ್ತನೆ ಬ್ರಷ್ಷಿನಿಂದ ಸ್ಲೀಪರ್ ತಲೆ ಕಾಣುವ ತನಕ ಗುಡಿಸು. ಮೇಲೆ ಆಲ್ಕೋಹಾಲ್ ಬೆರೆಸಿದ ನೀರು ಮಂಜಿನ ಹಾಗೆ ಸಿಂಪಡಿಸು. ಆಮೇಲೆ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ, ತಿಳಿಸಾರಿನ ಹದ. ಡ್ರಾಪರಿನಲ್ಲಿ ಹನಿ ಹನಿಯಾಗಿ ಬಿಡು. ಮೊದಲು ಒದ್ದೆ ಮಾಡದಿದ್ದರೆ ಅಂಟಿನ ಹನಿ ಜಲ್ಲಿಯನ್ನೇ ಉಂಡೆ ಕಟ್ಟಿಕೊಂಡು ಉರುಳುತ್ತೆ.

"ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗೋ ಪಾಯಿಂಟಿನ ಹತ್ತಿರ ಮಾತ್ರ ಕೈ ಬಿಗಿ ಹಿಡಿ. ಅಲ್ಲಾಡೋ ಹಳಿ ಕೆಳಗೆ ಅಂಟು ನುಗ್ಗಿದರೆ ಪಾಯಿಂಟ್ ಜನ್ಮಕ್ಕೂ ಒಂದೇ ಕಡೆ. ಆಮೇಲೆ ಎಲ್ಲ ರೈಲೂ ಗೂಡ್ಸ್ ಶೆಡ್ಡಿಗೇ."

ಹಸಿರಿಗೆ ಬೊಂಬೆ ಹಬ್ಬದ ಪಾರ್ಕಿನ ಹಾಗೆ ರಾಗಿ ಪೈರು ಬೆಳೆಸೋಣ ಅಂದ ಗಿರಿಯ ಸಲಹೆ ಮೂರು ಸೆಕೆಂಡ್ ಬದುಕಿತು. ದಿನಾ ನೀರು ಹಾಕಿದರೆ ಪ್ಲೈವುಡ್ ಉಬ್ಬುತ್ತೆ. ಅದೂ ಅಲ್ಲದೆ ಎಂಟು ಸೆಂಟಿಮೀಟರ್ ಪೈರು ಅಂದರೆ ಈ ಲೋಕದಲ್ಲಿ ಏಳು ಮೀಟರ್ ರಾಗಿ. ಹಳೇ ಸ್ಪಂಜನ್ನು ನೀರಿನ ಜೊತೆ ಮಿಕ್ಸಿಯಲ್ಲಿ ಪುಡಿ ಮಾಡಿ, ಹಿಂಡಿ, ಮೂರು ಬಗೆಯ ಹಸಿರಿನಲ್ಲಿ ಅದ್ದಿ ಒಣಗಿಸಿದರೆ ಕಾಡಾಯಿತು. ಮಿಕ್ಸಿ ಜಾರ್ ಚಟ್ನಿಯದ್ದಾಗಿರಬಾರದು, ಚಟ್ನಿಯ ಒಡತಿಗೆ ಗೊತ್ತಾಗಬಾರದು ಅಂತ ಅಲ್ಲ, ಗೊತ್ತಾಗೇ ಆಗುತ್ತೆ.

"ಅಡಿಕೆ ತೋಟಕ್ಕೆ ಊದುಬತ್ತಿ ಕಡ್ಡಿ" ಅಂದ ಮಂಜ. ಇದಕ್ಕೆ ಮಾತ್ರ ಯಾರೂ ಎದುರಾಡಲಿಲ್ಲ. ಮಸಾಲೆ ಮೆತ್ತದ ಬಿದಿರಿನ ಕಡ್ಡಿ, ಒಂಬತ್ತಿಂಚು. ಇಪ್ಪತ್ತು ಮೀಟರ್ ಅಡಿಕೆ ಮರ 87ರಲ್ಲಿ ಒಂದು ಪಾಲಿಗೆ ಸರಿಯಾಗಿ ಅಷ್ಟೇ ಆಗುತ್ತೆ, ದಪ್ಪವೂ ಹೆಚ್ಚುಕಮ್ಮಿ ಹೊಂದುತ್ತೆ. ಬೂದು ಬಣ್ಣ ಬಳಿದು ಪೆನ್ನಿನಲ್ಲಿ ತೆಳು ಉಂಗುರ ಎಳೆಯುವುದು, ತಲೆಯ ಕೆಳಗೆ ಒಂದು ಸೆಂಟಿಮೀಟರ್ ಹಸಿರು, ಮೇಲೆ ಎಂಟು ಗರಿ ಕಾಗದದಲ್ಲಿ ಕತ್ತರಿಸಿ, ಅಂಚು ಸೀಳಿ, ನಡುವೆ ಮಡಿಸಿ ಅಂಟಿಸುವುದು. ತೋಟದಲ್ಲಿ ಗಿಡದಿಂದ ಗಿಡಕ್ಕೆ ಒಂಬತ್ತಡಿ, ಇಲ್ಲಿ ಮೂರು ಸೆಂಟಿಮೀಟರ್.

"ಹಾಗಾದ್ರೆ ಒಂದಡಿ ಚೌಕಕ್ಕೆ ನೂರು ಮರ, ಎಂಟುನೂರು ಗರಿ" ಅಂತ ಪದ್ದಿ ಲೆಕ್ಕ ಒಪ್ಪಿಸಿದಳು.

ಗಿರಿ ಕತ್ತರಿ ನೋಡಿದ, ಕಾಗದ ನೋಡಿದ. "ಹಳದಿ ಎಲೆ ರೋಗ ಬಂದು ಹತ್ತೇ ಮರ ಉಳಿದಿವೆ ಅಂತ ಬೋರ್ಡ್ ಹಾಕಿದ್ರೆ?"

ಹತ್ತು ಮರಕ್ಕೆ ಒಪ್ಪಂದವಾಯಿತು. ತಿರುವಿನ ಹೊರಗೆ, ಹಳಿಯ ಪಕ್ಕದಲ್ಲೇ, ದಾರ ಹಿಡಿದ ಹಾಗೆ ಒಂದು ಸಾಲು. ನೋಡೋಕೆ ಬಹಳ ಚೆನ್ನಾಗಿತ್ತು. ಶಾಮಣ್ಣ ಕೂಡ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು. ಮಂಜ ಎಲ್‌ಎಚ್‌ಬಿ ಬೋಗಿಗಳನ್ನು ಕಟ್ಟಿ, ಒಂದು ಮೀಟರಿಗೆ ಹತ್ತೂವರೆ ಸೆಕೆಂಡಿನ ವೇಗದಲ್ಲಿ ಎಂಜಿನ್ ಬಿಟ್ಟ. ಎಂಜಿನ್ ದಾಟಿತು. ಮೊದಲ ಬೋಗಿಯ ತುದಿ ತಿರುವಿಗೆ ಬಂದು ಹೊರಕ್ಕೆ ಚಾಚಿತು.

ಟಕ್. ಟಕ್. ಟಕ್. ಟಕ್.

"ಗಿರಿ" ಅಂದಳು ಪದ್ದಿ, ಬಹಳ ಮೃದುವಾಗಿ. "ಪೆನ್ಸಿಲ್ ಎಲ್ಲಿಟ್ಟಿದ್ದೀಯೋ?"