ಹಿರಿಯರ ಊರಿಗೆ ವಾಪಸ್ ಬರುವ ಸಿನಿಮಾಗಳು ಇಂಟರ್ವಲ್ ಆದಮೇಲೆ ಯಾಕೆ ಸಪ್ಪೆಯಾಗುತ್ತವೆ?

ಚಿತ್ರಾಸಕ್ತೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳತಿ ಸೇರಿ ಒಂದು ಚಿತ್ರಕಥೆ ಬರೆಯುತ್ತಿದ್ದೇವೆ. ನಲವತ್ತರ ಹತ್ತಿರದ ಹೆಂಗಸು. ಮದುವೆ ಮುರಿದಿದೆ, ಕೆಲಸವೂ ಹೋಗಿದೆ. ಅಜ್ಜನ ಕಾಲದ ಮನೆಗೆ ಬಂದು ಹೊಸದಾಗಿ ಬದುಕು ಶುರು ಮಾಡುತ್ತಾಳೆ. ಅವಳು ಊರಿಗೆ ಹೊರಡುವ ತನಕ ಕಥೆ ಚೆನ್ನಾಗಿ ಓಡುತ್ತದೆ, ಬೀಗ ತೆಗೆದು ಒಳಗೆ ಕಾಲಿಟ್ಟಳೋ ಇಲ್ಲವೋ, ಕಥೆ ಅಲ್ಲೇ ಕೂತುಬಿಡುತ್ತದೆ. ಧೂಳು ಹೊಡೆಯುತ್ತಾಳೆ, ಬಾಲ್ಯದ ಗೆಳೆಯ ಸಿಗುತ್ತಾನೆ, ಊರವರೆಲ್ಲ ಪ್ರೀತಿ ತೋರಿಸುತ್ತಾರೆ, ಮುಗಿಯಿತು.

ಈ ಜಾತಿಯ ಸಿನಿಮಾ ಬೇಕಾದಷ್ಟು ನೋಡಿದ್ದೇನೆ. ಬಹಳಷ್ಟರಲ್ಲಿ ಇದೇ ತೊಂದರೆ. ಊರು ಒಳ್ಳೆಯದು, ನಗರ ಕೆಟ್ಟದ್ದು ಅಂತ ಮೊದಲೇ ತೀರ್ಮಾನ ಆಗಿಹೋಗಿರುತ್ತದೆ. ಹಾಗಾದರೆ ಮುಂದೆ ನೋಡುವುದಕ್ಕೆ ಏನು ಉಳಿಯಿತು? ನಮ್ಮ ನಾಯಕಿ ಗೆಲ್ಲಲೇಬೇಕು ಅಂತೇನೂ ನನಗಿಲ್ಲ. ಆದರೆ ಉಳಿಯುವುದಾದರೆ ಯಾಕೆ ಉಳಿದಳು ಅನ್ನುವುದಕ್ಕೆ ಗಟ್ಟಿ ಕಾರಣ ಬೇಕು. ಇದನ್ನು ಚೆನ್ನಾಗಿ ಮಾಡಿರುವ ಸಿನಿಮಾ ಯಾವುದು, ಹೇಗೆ ಮಾಡಿದ್ದಾರೆ, ದಯವಿಟ್ಟು ಹೇಳಿ.

ಮೊದಲ ಸಾಲು:

2008ರ ಜಪಾನಿ ಸಿನಿಮಾ 'ಡಿಪಾರ್ಚರ್ಸ್' ನೋಡಿ. ಯೋಜಿರೊ ತಕಿತಾ ನಿರ್ದೇಶನ, ಮುಂದಿನ ವರ್ಷ ವಿದೇಶಿ ಭಾಷೆಯ ಸಿನಿಮಾಕ್ಕೆ ಕೊಡುವ ಆಸ್ಕರ್ ಬಂತು. ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಅದರಲ್ಲಿದೆ.

ಟೋಕಿಯೋದಲ್ಲಿ ಚೆಲ್ಲೋ ನುಡಿಸುವವನು. ಅವನ ವಾದ್ಯವೃಂದವನ್ನೇ ಮುಚ್ಚಿಬಿಡುತ್ತಾರೆ. ಚೆಲ್ಲೋ ಮಾರಿ, ಹೆಂಡತಿಯನ್ನು ಕರೆದುಕೊಂಡು, ತಾಯಿ ಬಿಟ್ಟುಹೋದ ಮನೆಗೆ ಬರುತ್ತಾನೆ. ಇಲ್ಲಿಯವರೆಗೆ ನಿಮ್ಮ ಕಥೆಯೇ, ಅಲ್ವಾ? ಆಮೇಲೆ ಅವನಿಗೆ ಸಿಗುವ ಕೆಲಸ ನೋಡಿ. ಸತ್ತವರ ದೇಹವನ್ನು ಶುಚಿ ಮಾಡಿ, ಸಿಂಗರಿಸಿ, ಪೆಟ್ಟಿಗೆಯಲ್ಲಿ ಮಲಗಿಸುವ ಕೆಲಸ. ಜಾಹೀರಾತು ನೋಡಿ ಪ್ರವಾಸದ ಕಂಪನಿ ಅಂದುಕೊಂಡು ಹೋಗಿರುತ್ತಾನೆ! ವಿಷಯ ಗೊತ್ತಾದಾಗ ಹಳೆಯ ಗೆಳೆಯ ಮುಖ ತಿರುಗಿಸುತ್ತಾನೆ. ಕೆಲಸ ಬಿಡು ಅಂತ ಹೆಂಡತಿ ಹೇಳುತ್ತಾಳೆ, ಅವನು ಬಿಡುವುದಿಲ್ಲ, ಅವಳು ಮನೆ ಬಿಟ್ಟು ಹೋಗುತ್ತಾಳೆ.

ಅಂದರೆ ಊರು ಅವನನ್ನು ಅಪ್ಪಿಕೊಳ್ಳುವುದಿಲ್ಲ. ಕೆಲಸ ಮಾಡಿ ಮಾಡಿ ಜಾಗ ಸಂಪಾದಿಸಬೇಕು. ಕೊನೆಗೆ ಮುಖ ತಿರುಗಿಸಿದ ಗೆಳೆಯನ ತಾಯಿಯೇ ತೀರಿಕೊಂಡಾಗ ಇವನೇ ಹೋಗಿ ಅವರನ್ನು ಸಿದ್ಧಪಡಿಸುತ್ತಾನೆ. ಗೆಳೆಯ ನೋಡುತ್ತಾನೆ, ವಾಪಸ್ ಬಂದಿರುವ ಹೆಂಡತಿಯೂ ನೋಡುತ್ತಾಳೆ. ಯಾರೂ ಭಾಷಣ ಮಾಡುವುದಿಲ್ಲ, ಅವನ ಕೈಕೆಲಸ ನೋಡಿಯೇ ಎಲ್ಲ ಬದಲಾಗುತ್ತದೆ. ನಿಮ್ಮ ನಾಯಕಿ ಊರಿನಲ್ಲಿ ಏನು ಕೆಲಸ ಮಾಡುತ್ತಾಳೆ? ನೀವು ಬರೆದಿರುವುದರಲ್ಲಿ ಅದೇ ಇಲ್ಲ.

ಹಳೇ ರೀಲು:

ಮೇಲಿನವರ ಮಾತು ಒಪ್ಪುತ್ತೇನೆ. ನಮ್ಮಲ್ಲೇ 1972ರ 'ಬಂಗಾರದ ಮನುಷ್ಯ' ಇದೆಯಲ್ಲ. ರಾಜೀವ ಬರುವುದು ಅಕ್ಕನ ಊರಿಗೆ, ತನ್ನ ಹಿರಿಯರ ಮನೆಗಲ್ಲ, ಆದರೂ ಹೊಸ ಬದುಕು ಕಟ್ಟುವ ಕಥೆ ಅಂದರೆ ಅದೇ. ಎಲ್ಲರೂ ಕಲ್ಲುಭೂಮಿ ಹಸನು ಮಾಡಿದ್ದನ್ನೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಕೊನೆ. ಅಷ್ಟೆಲ್ಲ ದುಡಿದವನು ಅದೇ ಮನೆಯ ಊಟದೆಲೆ ಮುಂದೆ ಕೂತು ಅವಮಾನದ ಮಾತು ಕೇಳುತ್ತಾನೆ, ಎದುರು ಮಾತಾಡದೆ ಎದ್ದು ಹೋಗಿಬಿಡುತ್ತಾನೆ. ಕಟ್ಟಿದವನಿಗೆ ಅಲ್ಲಿ ಜಾಗ ಇದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಸಿದ್ಧಲಿಂಗಯ್ಯನವರು ಅಷ್ಟು ದೊಡ್ಡ ಜನಪ್ರಿಯ ಸಿನಿಮಾವನ್ನು ಅಂಥ ನೋವಿನಲ್ಲಿ ಮುಗಿಸಿದರು, ಜನ ವರ್ಷಗಟ್ಟಲೆ ಥಿಯೇಟರ್ ತುಂಬಿಸಿದರು. ಸುಖಾಂತ್ಯ ಇಲ್ಲದಿದ್ದರೆ ಜನ ನೋಡಲ್ಲ ಅನ್ನುವ ನಿರ್ಮಾಪಕರಿಗೆ ಇದನ್ನೇ ಹೇಳಿ.

ಇನ್ನೊಂದು 2004ರ 'ಸ್ವದೇಸ್'. ನಾಸಾದ ಮೋಹನ್ ಬರುವುದು ತನ್ನನ್ನು ಸಾಕಿದ ಕಾವೇರಿ ಅಮ್ಮನನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗುವುದಕ್ಕೆ, ಉಳಿಯುವುದಕ್ಕಲ್ಲ. ಅವನ ಮನಸ್ಸು ಅಲ್ಲಾಡುವುದು ಹೊಲ ನೋಡಿ ಅಲ್ಲ. ಗೇಣಿ ವಸೂಲಿಗೆ ಹೋದಾಗ ಹರಿದಾಸ್ ಅನ್ನುವ ರೈತನ ಮನೆ ನೋಡುತ್ತಾನೆ. ಆತ ಮೊದಲು ನೇಕಾರ, ಕಸುಬು ಬದಲಿಸಿದ್ದಕ್ಕೆ ಊರವರೇ ಅವನ ಹೊಲಕ್ಕೆ ನೀರು ಬಿಟ್ಟಿಲ್ಲ. ಅಂದರೆ ಊರಿನ ಕೆಟ್ಟತನ ಕಣ್ಣಾರೆ ಕಂಡ ಮೇಲೂ ಅವನು ಅದನ್ನು ತನ್ನದು ಅಂದುಕೊಳ್ಳುತ್ತಾನೆ. ನಿಮ್ಮ ಗಟ್ಟಿ ಕಾರಣ ಅಲ್ಲೆಲ್ಲೋ ಇರಬಹುದು, ಹುಡುಕಿ.

ನೇರಮಾತು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಕೆಲಸ ಕೊಟ್ಟರೆ ಸಾಕು ಅನ್ನುವುದು ಅರ್ಧ ಉತ್ತರ. ಕೆಲವರಿಗೆ ಆ ಊರಲ್ಲಿ ಇರುವುದಕ್ಕೆ ಆಗುವುದೇ ಇಲ್ಲ, ಎಷ್ಟು ಒಳ್ಳೆಯ ಕೆಲಸ ಸಿಕ್ಕರೂ. 'ಮ್ಯಾಂಚೆಸ್ಟರ್ ಬೈ ದ ಸೀ' (2016) ನೋಡಿದ್ದೀರಾ? ಅಣ್ಣ ಸತ್ತು, ಅವನ ಮಗನ ಜವಾಬ್ದಾರಿ ಲೀ ಮೇಲೆ ಬೀಳುತ್ತದೆ. ಲೀ ಬಿಟ್ಟುಹೋಗಿದ್ದ ಆ ಊರಲ್ಲೇ ಅವನ ಮಕ್ಕಳು ಬೆಂಕಿಯಲ್ಲಿ ಸತ್ತಿದ್ದಾರೆ. ಬೇರೆ ಸಿನಿಮಾ ಆಗಿದ್ದರೆ ಆ ಹುಡುಗನಿಂದಲೇ ಲೀ ಗಾಯ ಮಾಯುತ್ತಿತ್ತು. ಇಲ್ಲಿ ಅವನು ನನ್ನ ಕೈಲಿ ಆಗಲ್ಲ ಅಂತ ಹುಡುಗನಿಗೇ ಹೇಳುತ್ತಾನೆ, ಹುಡುಗನಿಗೆ ಊರಲ್ಲೇ ಬೇರೆ ಮನೆಯವರ ಆಸರೆ ಮಾಡಿಕೊಟ್ಟು ಹೊರಡುತ್ತಾನೆ. ಅದು ಸೋಲು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

2024ರ ತಮಿಳಿನ 'ಮೆಯ್ಯಳಗನ್' ಕೂಡ. ನೆಂಟರ ಜಗಳದಲ್ಲಿ ಮನೆ ಕಳೆದುಕೊಂಡು ತಂಜಾವೂರು ಬಿಟ್ಟ ಕುಟುಂಬ. ಎಷ್ಟೋ ವರ್ಷದ ಮೇಲೆ ಮಗ ಒಂದು ಮದುವೆಗೆ ಅಂತ ಆ ಕಡೆ ಬರುತ್ತಾನೆ. ಇವನನ್ನು ಪ್ರಾಣದಷ್ಟು ಪ್ರೀತಿಸುವವನು ಒಬ್ಬ ಸಿಗುತ್ತಾನೆ. ಅವನ ಹೆಸರೇ ಇವನಿಗೆ ನೆನಪಿಲ್ಲ! ಇಡೀ ರಾತ್ರಿ ಆ ನಾಚಿಕೆ ಇವನನ್ನು ಸುಡುತ್ತದೆ. ಬಿಟ್ಟುಹೋದವನಿಗೆ ಮರೆತುಹೋಗಿದೆ, ಉಳಿದವನಿಗೆ ಎಲ್ಲ ನೆನಪಿದೆ. ನಿಮ್ಮ ಕಥೆಯಲ್ಲಿ ಊರವರು ಅಂತ ಒಟ್ಟಾಗಿ ಬರೆದಿದ್ದೀರಲ್ಲ, ಅಲ್ಲೇ ನೀರು ನಿಂತಿರುವುದು. ಅವಳು ಇಲ್ಲದಿದ್ದಾಗ ಆ ಮನೆ ನೋಡಿಕೊಂಡವರು ಯಾರು? ಅಜ್ಜನಿಗೆ ಕೊನೆಗಾಲದಲ್ಲಿ ನೀರು ಕೊಟ್ಟವರು ಯಾರು? ಅವರಿಗೆ ಇವಳು ಬಂದದ್ದು ಖುಷಿಯಾ?

ಚಿತ್ರಾಸಕ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಕೊನೆಯ ಪ್ರಶ್ನೆ ಓದಿ ಗೆಳತಿಗೆ ತಕ್ಷಣ ಫೋನ್ ಮಾಡಿದೆ. ನಮ್ಮಲ್ಲಿ ಚಿಕ್ಕಪ್ಪನ ಮಗಳು ಒಬ್ಬಳು ಇದ್ದಾಳೆ, ಊರಲ್ಲೇ ಉಳಿದವಳು, ಎರಡೇ ದೃಶ್ಯದಲ್ಲಿ ಬಂದು ಬೀಗದ ಕೈ ಕೊಟ್ಟು ಹೋಗುತ್ತಾಳೆ. ಅಜ್ಜನನ್ನು ನೋಡಿಕೊಂಡವಳು ಅವಳೇ ಅಂತ ಮಾಡಿದರೆ? ಆಗ ಮನೆ ಯಾರದ್ದು ಅನ್ನುವುದೇ ಜಗಳ ಆಗುತ್ತದೆ, ಇಬ್ಬರೂ ಕೆಟ್ಟವರಲ್ಲ.

ಮೊದಲ ಸಾಲು:

ಬಹಳ ಒಳ್ಳೆಯದು, ಹಾಗೇ ಮಾಡಿ. ಆ ಇಬ್ಬರನ್ನು ಬರೆಯುವ ಮುಂಚೆ 2018ರ ಕೊರಿಯನ್ 'ಲಿಟಲ್ ಫಾರೆಸ್ಟ್' ಒಮ್ಮೆ ನೋಡಿ. ಅಲ್ಲಿ ಪರೀಕ್ಷೆಯಲ್ಲಿ ಫೇಲಾದ ಹುಡುಗಿ ಊರಿಗೆ ಬರುತ್ತಾಳೆ. ನಗರದ ಕೆಲಸ ಬಿಟ್ಟು ಬೇಸಾಯಕ್ಕೆ ಬಂದ ಗೆಳೆಯ ಒಬ್ಬ, ಊರನ್ನೇ ಬಿಡದೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಒಬ್ಬಳು. ಮೂವರಿಗೂ ಊರು ಬೇರೆ ಬೇರೆ ಥರ ಕಾಣುತ್ತದೆ. ಇನ್ನೊಂದು ಮುಖ್ಯ. ಅವಳು ಅಲ್ಲೇ ಉಳಿಯುವುದಿಲ್ಲ, ಮತ್ತೆ ರಾಜಧಾನಿ ಸೋಲ್‌ಗೆ ಹೋಗುತ್ತಾಳೆ, ಆಮೇಲೆ ವಸಂತದಲ್ಲಿ ವಾಪಸ್ ಬರುತ್ತಾಳೆ. ಮೊದಲ ಸಲ ಬಂದದ್ದು ತಪ್ಪಿಸಿಕೊಂಡು, ಎರಡನೇ ಸಲ ತಾನೇ ಯೋಚಿಸಿ. ನಿಮ್ಮ ನಾಯಕಿಯನ್ನೂ ಚಿಕ್ಕಪ್ಪನ ಮಗಳ ಜೊತೆ ಜಗಳ ಆದಮೇಲೆ ಒಮ್ಮೆ ವಾಪಸ್ ಕಳಿಸಿ ನೋಡಿ. ಮತ್ತೆ ಬರುತ್ತಾಳಾ, ಬಂದರೆ ಏನು ಕೇಳಿಕೊಂಡು ಬರುತ್ತಾಳೆ ಅನ್ನುವುದು ಆಗ ನಿಮಗೇ ಗೊತ್ತಾಗುತ್ತದೆ. ಬರೆದಾದ ಮೇಲೆ ಆ ದೃಶ್ಯ ಇಲ್ಲಿ ಹಾಕಿ, ಓದುತ್ತೇವೆ.